ಜ್ವರ ಎಂದು ಬರೆದ ಅರ್ಜಿ

ನನ್ನ ತಂಗಿಯ ಗಂಡ ಶಿವರಾಜು ಹೆಮ್ಮರಗಾಲದವನು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುತ್ತಿದ್ದಾನೆ. ಮೈಯಲ್ಲಿ ಕಸುವಿದ್ದ ಆಳು, ಬಾಯಿ ಇನ್ನೂ ಜೋರು. ನಮ್ಮ ಮನೆಗೆ ಬಂದರೆ ಹೆಂಗಸರು ಒಲೆ ಬಿಟ್ಟು ಬಂದು ಅವನ ಮಾತಿಗೆ ನಗುತ್ತಿದ್ದರು. ನಾನು ನಾಡಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನೆಂಟರಿಷ್ಟರ ಅರ್ಜಿಗಳನ್ನೆಲ್ಲ ಬರೆಯುವವನು ನಾನೇ, ಆ ಜಂಬವೂ ನನಗಿತ್ತು.

ಕಳೆದ ಆಷಾಢದಲ್ಲಿ ಶಿವರಾಜು ನಗುವುದನ್ನು ಬಿಟ್ಟ. ಆಮೇಲೆ ಊಟ ಬಿಟ್ಟ, ನಿದ್ದೆ ಬಿಟ್ಟ. ಒಂದು ಬೆಳಗಿನ ಪಾಳಿಯಲ್ಲಿ ಬಾಯ್ಲರ್ ಹಿಂದೆ ಕೂತು ಅಳತೊಡಗಿದ. "ನಂಗೆ ಬದ್ಕಾದೇ ಬ್ಯಾಡ ಕಣ್ರಪ್ಪ" ಎಂದನಂತೆ. ಜೊತೆಯ ಆಳುಗಳು ಕಚೇರಿಗೆ ಸುದ್ದಿ ಮುಟ್ಟಿಸದೆ ಅವನನ್ನು ಮನೆಗೆ ತಂದುಬಿಟ್ಟರು. ತಂಗಿ ಚನ್ನಬಸಮ್ಮ ಯಾರನ್ನೂ ಕೇಳದೆ ಆಟೋ ಹತ್ತಿಸಿ ಮೈಸೂರಿಗೆ ಕರೆದೊಯ್ದಳು. ಮನೋರೋಗ ವಾರ್ಡಿನಲ್ಲಿ ಒಂಬತ್ತು ದಿನ ಇಟ್ಟುಕೊಂಡು, ಮಾತ್ರೆ ತಪ್ಪಿಸಬೇಡಿ, ಹದಿನೈದು ದಿನಕ್ಕೊಮ್ಮೆ ಬನ್ನಿ ಎಂದು ಹೇಳಿ ಕಳಿಸಿದರು.

ಕಾರ್ಖಾನೆಯವರು ಮಾಡಿಸಿದ್ದ ವಿಮೆ ಇತ್ತು. ಅದರ ಅರ್ಜಿ ನನ್ನ ಕೈಗೆ ಬಂತು. ಆಗಲೇ ನನ್ನ ಮಗಳು ಬಿಂದುಶ್ರೀಗೆ ನರಸೀಪುರದ ಸಂಬಂಧ ಕುದುರುತ್ತಿತ್ತು. ಗಂಡಿನ ಸೋದರಮಾವ ಶಿವಮೂರ್ತಿ ಅದೇ ಕಾರ್ಖಾನೆಯ ಕಚೇರಿಯಲ್ಲಿದ್ದಾನೆ; ಅರ್ಜಿ ಅವನ ಮೇಜು ದಾಟಿಯೇ ಹೋಗಬೇಕು. ಹೆಣ್ಣಿನ ಕಡೆ ತಲೆ ಕೆಟ್ಟವರಿದ್ದಾರೆ ಎಂದು ಅವನು ಒಂದು ಮಾತು ಆಡಿದರೆ ಮುಗಿಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ನಾನು ಹೇಳಿದ್ದು ಒಂದೇ. ಕಾಯಿಲೆ ಎಂಬ ಕಡೆ 'ಟೈಫಾಯ್ಡ್ ಜ್ವರ' ಎಂದು ದುಂಡಗೆ ಬರೆದೆ. ಆಸ್ಪತ್ರೆಯ ಕಾಗದಗಳು ಶಿವಮೂರ್ತಿಯ ಕಣ್ಣಿಗೆ ಬೀಳದಂತೆ ಲಕೋಟೆಯಲ್ಲಿಟ್ಟು ಅಂಟಿಸಿದೆ. ಶಿವರಾಜು ಓದದೆಯೇ ಸಹಿ ಹಾಕಿದ.

ಅರ್ಜಿ ತಿರಸ್ಕೃತವಾಗಿ ವಾಪಸ್ ಬಂತು. ಮನಸ್ಸಿನ ಕಾಯಿಲೆಯನ್ನು ವಿಮೆಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದುಕೊಂಡ ಶಿವರಾಜು.

"ನಂದು ಕಾಯ್ಲೆನೇ ಅಲ್ವಂತೆ ಕಣಮ್ಮಿ. ಸುಮ್ಕೆ ಆಸ್ಪತ್ರೆಗೆ ಯಾಕೆ ಓಗಾದು?" ಎಂದು ಅವನು ಹೆಂಡತಿಗೆ ಹೇಳಿ ಮಾತ್ರೆ ನಿಲ್ಲಿಸಿದ.

ನಾನು ವಿಮೆಯವರಿಗೆ ಫೋನ್ ಮಾಡಿದೆ. ಪವಿತ್ರಾ ಎಂಬ ಹುಡುಗಿ ತಾಳ್ಮೆಯಿಂದಲೇ ಹೇಳಿದಳು: "ಸರ್, ಮೈ ಕಾಯಿಲೆಗೆ ಕೊಡೋ ಹಾಗೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಅಂತ ಕಾನೂನೇ ಇದೆ. ನಿಜ ಬರೆದಿದ್ರೆ ಆಗಿಬಿಡ್ತಿತ್ತು. ಆಸ್ಪತ್ರೆ ಕಾಗದ ಒಂದು ಹೇಳುತ್ತೆ, ಅರ್ಜಿ ಇನ್ನೊಂದು ಹೇಳುತ್ತೆ. ಜ್ವರ ಅಂತ ಯಾರು ಬರೆದಿದ್ದು?"

"ಯಾರೋ ಗೊತ್ತಿಲ್ಲದೋರು ಬರೆದಿರ್ಬೇಕು, ನಾನಲ್ಲ" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಆದರೂ ಬಾಯಿ ಬಿಡಲಿಲ್ಲ. ಹನ್ನೊಂದು ದಿನ ಸುಮ್ಮನಿದ್ದೆ. ಆ ಹನ್ನೊಂದು ದಿನವೂ ಅವನು ಮಾತ್ರೆ ಮುಟ್ಟಲಿಲ್ಲ ಎಂಬುದು ನನಗೆ ಗೊತ್ತಿತ್ತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹನ್ನೆರಡನೆಯ ದಿನ ತಂಗಿ ಬಂದಳು. "ಅಣ್ಣ, ಮತ್ತೆ ಊಟ ಬುಟ್ಟವ್ರೆ" ಎಂದಳು. ಅಷ್ಟೇ ಹೇಳಿದ್ದು. ನಾನು ಅವಳ ಹಿಂದೆಯೇ ಹೋದೆ.

ಶಿವರಾಜು ಗೋಡೆಗೆ ಒರಗಿ ಕೂತಿದ್ದ. ಬರೆದದ್ದು, ಯಾಕೆ ಬರೆದೆ ಅನ್ನುವುದು, ಬಚ್ಚಿಟ್ಟದ್ದು, ಪವಿತ್ರಾ ಹೇಳಿದ್ದು, ಎಲ್ಲವನ್ನೂ ಒದರಿದೆ. ಉಗಿಯುತ್ತಾನೆ ಎಂದುಕೊಂಡಿದ್ದೆ.

"ಅಂಗಾರೆ ನಂದೂ ಕಾಯ್ಲೆನೇ ಅನ್ನಿ" ಎಂದ.

"ಕಾಯಿಲೆನೇ ಕಣಪ್ಪ. ನಾಳೆ ಮೈಸೂರಿಗೆ ಓಗೋಣ, ನಾನೂ ಬತ್ತೀನಿ."

"ಓಗೋಣ. ಆದ್ರೆ ಬಿಂದು ಮದ್ವೆ ಆಗೋಗ್ಲಿ ಬಾವ. ಅಲ್ಲಿಗಂಟ ಕಾಗ್ದದಲ್ಲಿ ಜ್ವರಾನೇ ಇರ್ಲಿ ಬುಡಿ."

ಸಾಯಬೇಕು ಅನ್ನಿಸಿದ ಮನುಷ್ಯ ನನ್ನ ಮಗಳ ಮದುವೆಯನ್ನು ಕಾಯುತ್ತಿದ್ದ. ಅಲ್ಲೇ ಕೂತು ಹೊಸ ಅರ್ಜಿ ಬರೆದೆ, ತಪ್ಪು ನನ್ನದು ಎಂದೂ ಸೇರಿಸಿದೆ. ಈ ಸಲ ಓದಿ ಹೇಳಿಯೇ ಸಹಿ ಹಾಕಿಸಬೇಕು ಎಂದು ಓದಲು ಶುರುಮಾಡಿದೆ. ಶಿವರಾಜು ಎದ್ದುಹೋಗಿ ಬೀದಿ ಬಾಗಿಲು ಮುಚ್ಚಿದ.

"ಯಾರಾರೂ ಕೇಳುಸ್ಕಂಡಾರು" ಎಂದ.

ನಾನು ಎದ್ದು ಬಾಗಿಲು ತೆಗೆದೆ, ಮೊದಲಿಂದ ಓದಿದೆ. ಕಾಯಿಲೆಯ ಹೆಸರು ಬಂದ ಕಡೆ ನನ್ನ ದನಿ ತಾನಾಗಿ ತಗ್ಗಿಹೋಯಿತು.

ಅಡುಗೆಮನೆಯಿಂದ ತಂಗಿ ಹೇಳಿದಳು: "ಕೇಳುಸ್ನಿಲ್ಲ ಅಣ್ಣ. ಇನ್ನೊಂದ್ಸತಿ ಓದು."