ನಿಂತ ಥ್ರೆಡ್ಡು, ಸಾಹೇಬರ ಜೇಬಿನ ಕೀಲಿ

ನನಗೆ ಆಗ ಅರವತ್ತೊಂದು. ಐದು ವರ್ಷದ ಹಿಂದಿನ ಮಾತು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಮೂರನೇ ಮಹಡಿಯ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಕೂತು ಕೆಲಸ ಮಾಡುವವರು ಹನ್ನೊಂದು ಜನ, ನಿಂತು ಮಾಡುವವಳು ನಾನೊಬ್ಬಳು. ಚಹಾ, ಪಾತ್ರೆ, ನೆಲ ನನ್ನ ಪಾಲು. ಗಂಡ ರೈಲ್ವೆಯವನು, ಗದಗಿನಿಂದ ವರ್ಗವಾಗಿ ಬಂದ, ಇಲ್ಲೇ ತೀರಿಕೊಂಡ. ಊರಿಗೆ ಹೋಗಿ ಮಾಡುವುದೇನು ಅಂತ ನಾನು ಇಲ್ಲೇ ಉಳಿದೆ. ಆಫೀಸಿನವರಿಗೆಲ್ಲ ನಾನು ಮಾಸಿ, ಅಂದರೆ ಚಿಕ್ಕಮ್ಮ.

ಅಜ್ಜಿ ಅನ್ನುತ್ತಿದ್ದವಳು ವಿನುತಾ ಒಬ್ಬಳೇ. ಅವಳ ಅಪ್ಪ ಮೈಸೂರಿನವರು, ಬ್ಯಾಂಕಿನಲ್ಲಿದ್ದರು. ಹುಡುಗಿ ಬೆಳೆದದ್ದು ಇಲ್ಲಿಯದೇ ಸ್ಯಾಟಲೈಟ್ ಅನ್ನುವ ಬಡಾವಣೆಯಲ್ಲಿ. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಗುಜರಾತಿ. ಸೇರಿ ಆರು ತಿಂಗಳಾಗುತ್ತ ಬಂದಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅವಳು ಮಾಡುತ್ತಿದ್ದ ಕೆಲಸವನ್ನು ಊಟದ ಹೊತ್ತಿನಲ್ಲಿ ನನಗೆ ವಿವರಿಸುತ್ತಿದ್ದಳು. ಬೇರೆ ಯಾರೂ ಕೇಳುತ್ತಿರಲಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರೋಗ್ರಾಮಿನ ಒಳಗೆ ಕೆಲಸ ಮಾಡುವ ಆಳಿಗೆ ಥ್ರೆಡ್ ಅನ್ನುತ್ತಾರೆ. ಅಲ್ಲಿ ಒಂದು ಕೆಲಸ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಸಾಹೇಬರು ನನಗೆ ಚಹಾ ಹೇಳಿದರು, ನಾನು ಲಿಫ್ಟಿನವನನ್ನು ಹಾಲಿಗೆ ಕಳಿಸಿದೆ ಅನ್ನಿ. ಹಾಲಿನಂಗಡಿಯ ಮುಂದೆ ಅವನನ್ನು ತಡೆದು, ನಿನ್ನನ್ನು ಕಳಿಸಿದ್ದು ಯಾರು, ಅವಳನ್ನು ಯಾರು ಅಂತ ಕೇಳುತ್ತ ಹೋದರೆ ಸಾಹೇಬರ ತನಕ ಮುಟ್ಟುತ್ತೀರಿ. ಆ ಸಾಲಿಗೆ ಕಾಲ್ ಸ್ಟ್ಯಾಕ್, ಹಾಗೆ ಹಿಂದಕ್ಕೆ ಹೋಗುವುದಕ್ಕೆ ಅನ್‌ವೈಂಡ್. ವಿನುತಾಳ ಪ್ರೋಗ್ರಾಮು ಮಾಡುವುದು ಇದನ್ನೇ. ಪ್ರತಿ ಹೆಜ್ಜೆಗೂ ಅದು ಗಿರಾಕಿಯನ್ನು, ಅಂದರೆ ಅದನ್ನು ಕೊಂಡವರ ಪ್ರೋಗ್ರಾಮನ್ನು, ಕರೆದು "ಇಗೋ, ಇವನು ಸಿಕ್ಕ" ಅನ್ನುತ್ತದೆ. ಗಿರಾಕಿ "ಮುಂದೆ" ಅನ್ನಬೇಕು, ಇಲ್ಲ "ಸಾಕು" ಅನ್ನಬೇಕು. ಅದು ಕಾಲ್‌ಬ್ಯಾಕ್.

ಎಲ್ಲ ಚೆನ್ನಾಗಿತ್ತು, ಆಗಾಗ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು, ಅಷ್ಟೇ ತೊಂದರೆ. ಗಿರಾಕಿಗಳು ವಡೋದರಾದ ಒಂದು ಕಾರ್ಖಾನೆಯವರು, ನಾನು ಹೇಳಹೊರಟ ದಿನ ಸಂಜೆ ನಾಲ್ಕಕ್ಕೆ ನೋಡಲು ಬರುವವರಿದ್ದರು. ಅವರ ಮುಂದೆ ಪ್ರೋಗ್ರಾಮು ನಿಂತರೆ ನಾಳೆಯಿಂದ ಬರುವುದು ಬೇಡ ಅಂತ ಸಾಹೇಬರು ವಿನುತಾಗೆ ಹೇಳಿಬಿಟ್ಟಿದ್ದರು.

ಸಾಹೇಬರ ಹೆಸರು ಪರೇಶಭಾಯಿ. ಕೆಟ್ಟವರಲ್ಲ, ಜಿಪುಣರು. ಬಿಸ್ಕತ್ತು ಖಾಲಿಯಾಗುತ್ತದೆ ಅಂತ ಸ್ಟೋರ್ ರೂಮಿಗೆ ಬೀಗ ಹಾಕಿ ಕೀಲಿಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ನೆಲ ಒರೆಸುವ ನನ್ನ ಒಣ ಬಟ್ಟೆಗಳೂ ಅದೇ ರೂಮಿನಲ್ಲಿ.

ನನ್ನದೂ ಒಂದು ಕಾಯಿದೆ ಇತ್ತು. ಆಫೀಸಿನಲ್ಲಿ ಎಲ್ಲರೂ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರುತ್ತಿದ್ದರು. ಒದ್ದೆ ನೆಲದ ಮೇಲೆ ಸಾಕ್ಸಿನಲ್ಲಿ ನಡೆದು ಒಬ್ಬ ಸೊಂಟ ಮುರಿದುಕೊಂಡಿದ್ದ. ಅಂದಿನಿಂದ ನಾನು ಒರೆಸಲು ಶುರುಮಾಡಿ "ಊಭಾ ರಹೋ" ಅಂದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ನೆಲ ಆರುವ ತನಕ ಸಾಹೇಬರೂ ಅಲುಗಾಡುವ ಹಾಗಿಲ್ಲ.

ಆ ಬೆಳಿಗ್ಗೆ ಒಂಬತ್ತೂವರೆಗೆ ಹಾಗೆಯೇ ನಿಲ್ಲಿಸಿದೆ. ಪರೇಶಭಾಯಿ ಆ ಮೂಲೆಯಲ್ಲಿ, ಒಂದು ಕೈಯಲ್ಲಿ ತುಂಬಿದ ಚಹಾ ಲೋಟ, ಇನ್ನೊಂದರಲ್ಲಿ ಫೋನು. ನನ್ನದೇ ಕಾಲು ತಾಗಿ ಬಕೆಟ್ಟು ಮಗುಚಿತು. ನೀರು ಸೀದಾ ವಿನುತಾಳ ಮೇಜಿನ ಕಡೆ ಹರಿಯಿತು. ಅವಳ ಕಂಪ್ಯೂಟರು, ವಯರು, ಪ್ಲಗ್ಗಿನ ಹಲಗೆ, ಎಲ್ಲ ನೆಲದ ಮೇಲೆಯೇ.

"ಸಾಹೇಬ್, ಕೀಲಿ ಕೊಡ್ರಿ!"

ಅವರು ಒಂದು ಹೆಜ್ಜೆ ಎತ್ತಿದರು.

"ಏ, ಅಲ್ಲೇ ನಿಂದರ್ರಿ! ಜಾರತದ!"

"ನಿಂತರೆ ಕೀಲಿ ಹೇಗೆ ಕೊಡಲಿ, ಮಾಸಿ?"

"ಒಗೀರಿ ಇತ್ಲಾಗ!"

"ಚಹಾ ಇದೆ ಕೈಯಲ್ಲಿ!"

"ಕೆಳಗ ಇಡ್ರಿ!"

"ಅಲುಗಿದರೆ ಜಾರುತ್ತೆ ಅಂತ ನೀನೇ ಹೇಳಿದ್ದಲ್ವಾ!"

ಅವರು ನಾನು ಬಿಡಲಿ ಅಂತ ಕಾದರು, ನಾನು ಅವರು ಕೊಡಲಿ ಅಂತ ಕಾದೆ. ಹತ್ತು ಜನ ಓದಿದವರು ಕಂಬದ ಹಾಗೆ ನಿಂತು ನೋಡುತ್ತಿದ್ದರು. ನೀರು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ.

ವಿನುತಾ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದವಳು ಕಿಟಾರನೆ ಕಿರುಚಿದಳು. "ಅಜ್ಜಿ! ಅದೇ! ಅದೇ ಆಗ್ತಿರೋದು!"

"ಆಗೋದು ಆಮ್ಯಾಲ ಹೇಳ. ಮೊದಲ ಪ್ಲಗ್ ಕೀಳ!"

ಅವಳು ಕಿತ್ತಳು. ಅವಳ ದುಪಟ್ಟಾ ಎಳೆದುಕೊಂಡು ನೀರಿಗೆ ಅಡ್ಡ ಹಾಸಿದೆ. ಕಂಪ್ಯೂಟರು ಉಳಿಯಿತು. ದುಪಟ್ಟಾ ಉಳಿಯಲಿಲ್ಲ.

ಆಮೇಲೆ ಅವಳು ಹೇಳಿದ್ದು ಇದು. ಹಿಂದಕ್ಕೆ ನೋಡಬೇಕಾದರೆ ಥ್ರೆಡ್ಡನ್ನು ಮೊದಲು ನಿಲ್ಲಿಸಬೇಕು. ನಿಲ್ಲಿಸಿದಾಗ ಒಮ್ಮೊಮ್ಮೆ ಮೆಮೊರಿಯ, ಅಂದರೆ ಬರೆದಿಡುವ ಜಾಗದ, ಬೀಗದ ಕೀಲಿ ಅದರ ಕೈಯಲ್ಲೇ ಇರುತ್ತದೆ. ಕಾಲ್‌ಬ್ಯಾಕಿನಲ್ಲಿ ಗಿರಾಕಿಯು ಸಿಕ್ಕವನ ಹೆಸರು ಬರೆದುಕೊಳ್ಳಲು ಜಾಗ ಬೇಕು ಅಂತ ಅದೇ ಮೆಮೊರಿ ಕೇಳುತ್ತಾನೆ. ಕೀಲಿ ನಿಂತವನ ಹತ್ತಿರ, ನಿಲ್ಲಿಸಿದವನು ಕೀಲಿಗೆ ಕಾಯುತ್ತಾನೆ. ಹದಿನೈದು ದಿನ ತಲೆ ಕೆಡಿಸಿಕೊಂಡರೂ ಕಾಣದ್ದು ಪರೇಶಭಾಯಿಯ ಜೇಬಿನಲ್ಲಿ ಕಂಡಿತು.

"ಹಂಗಾರ ನಿಲ್ಲಿಸೂಕಿಂತ ಮೊದಲ ಜಾಗ ಇಸ್ಕೊಂಡ್ ಇಟ್ಕೋ" ಅಂದೆ. ನನಗೆ ಹೊಳೆದದ್ದು ಬಟ್ಟೆಯ ವಿಷಯ. ಅವಳು ಅದನ್ನೇ ಮಾಡಿದಳು. ಗಿರಾಕಿ ಖಾಲಿ ಪಟ್ಟಿಯನ್ನು ಮೊದಲೇ ತರಬೇಕು, ಕಾಲ್‌ಬ್ಯಾಕಿನಲ್ಲಿ ಸಿಕ್ಕವನ ವಿಳಾಸದ ಅಂಕಿ ಮಾತ್ರ ಗೀಚಿಕೊಳ್ಳಬೇಕು, ಹೆಸರು ಹುಡುಕುವುದೇನಿದ್ದರೂ ಥ್ರೆಡ್ಡನ್ನು ಬಿಟ್ಟ ಮೇಲೆ. ಊಟಕ್ಕೂ ಏಳದೆ ಮೂರೂವರೆಗೆ ಮುಗಿಸಿದಳು.

ವಡೋದರಾದವರು ನಲವತ್ತು ಸಲ ನಡೆಸಿ ನೋಡಿದರು. ಒಂದು ಸಲವೂ ನಿಲ್ಲಲಿಲ್ಲ. ಅವರಲ್ಲಿ ಹಿರಿಯರೊಬ್ಬರು ಮುಖ ಗಂಟು ಹಾಕಿದರು. "ಕಾಲ್‌ಬ್ಯಾಕಿನಲ್ಲಿ ನಮಗೆ ಬೇಕಾದ್ದು ಮಾಡೋಕೆ ಬಿಡೋದಿಲ್ಲ ಅಂದ್ರೆ ಏನು ಪ್ರಯೋಜನ?"

ವಿನುತಾ ಇಂಗ್ಲಿಷಿನಲ್ಲಿ ಶುರುಮಾಡಿ ತೊದಲಿದಳು. ನಾನು ಚಹಾ ಇಡುತ್ತಿದ್ದೆ. ನನಗೆ ಬರುವ ಗುಜರಾತಿಯಲ್ಲಿ ಬೆಳಗಿನದನ್ನು ಹೇಳಿದೆ, ಲೋಟ ಹಿಡಿದು ನಿಂತ ಸಾಹೇಬರನ್ನೂ ಬಿಡಲಿಲ್ಲ. ಹಿರಿಯರು ಕೆಮ್ಮು ಬರುವಷ್ಟು ನಕ್ಕು ಕಾಗದಕ್ಕೆ ಸಹಿ ಹಾಕಿದರು. ಪರೇಶಭಾಯಿ ನಗಲಿಲ್ಲ, ಆದರೆ ಸಂಜೆಯೇ ವಿನುತಾಳ ಕೆಲಸ ಕಾಯಂ ಮಾಡಿದರು. ನನಗೆ ಒಂದು ಪ್ಯಾಕೆಟ್ ಬಿಸ್ಕತ್ತು ಕೊಟ್ಟು ಮತ್ತೆ ಬೀಗ ಹಾಕಿದರು.

ಇಪ್ಪತ್ತು ವರ್ಷ ನೆಲ ಒರೆಸಿ ಕಲಿತದ್ದು ಇಷ್ಟೇ. ಯಾರನ್ನಾದರೂ ತಡೆದು ನಿಲ್ಲಿಸುವ ಮುಂಚೆ, ನಮಗೆ ಬೇಕಾದ್ದು ಏನಾದರೂ ಅವರ ಹತ್ತಿರ ಇದೆಯಾ ಅಂತ ನೋಡಿಕೊಳ್ಳಬೇಕು. ನಿಲ್ಲಿಸುವ ಅಧಿಕಾರ ಇದ್ದವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ನನಗೂ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಕೆಟ್ಟು ತುಂಬುವ ಮೊದಲು ಪರೇಶಭಾಯಿಯ ಮುಂದೆ ಹೋಗಿ ಕೈ ಚಾಚಿದೆ. ಅವರು ಜೇಬಿಗೆ ಕೈ ಹಾಕಿ ಕೀಲಿ ಕೊಟ್ಟರು. ಒಣ ಬಟ್ಟೆ ಹೊರಗೆ ತಂದಿಟ್ಟು, ಕೀಲಿ ಸೆರಗಿಗೆ ಕಟ್ಟಿಕೊಂಡು, ಆಮೇಲೆ "ಊಭಾ ರಹೋ" ಅಂದೆ.