ಸಂಗನಬಸಪ್ಪನವರ ಶುಕ್ರವಾರದ ಸಾಣೆ

ಹುಬ್ಬಳ್ಳಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೆಂಟು ವರ್ಷ ಸಂಗನಬಸಪ್ಪನವರು ಸಾಣೆ ಹಿಡಿದ ಒಂದೇ ಒಂದು ಕಟ್ಟರ್ ಕೂಡ ಮೊಂಡಾಗಿದೆ ಎಂದು ವಾಪಸು ಬಂದದ್ದಿಲ್ಲ. ಇದನ್ನು ಅವರು ತಾವಾಗಿ ಹೇಳಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರು. ಹೊರದೇಶದಲ್ಲಿ, ಹಿಮಬೆಟ್ಟಗಳಿಗೆ ಹತ್ತಿರದ ನ್ಯೂಕ್ಯಾಸಲ್‌ನ ಮಗನ ಮನೆಯಲ್ಲಿ ಕೇಳುವವರು ಯಾರು? ಮಗ ಮಹೇಶ, ಸೊಸೆ ಸ್ವಪ್ನಾ ಬೆಳಿಗ್ಗೆ ಕಾರು ಹತ್ತಿದರೆ ಸಂಜೆಯೇ ಇಳಿಯುವವರು. ತರಕಾರಿ ಹೆಚ್ಚಲು ಹೋದರೆ "ಇರ್ಲಿ ಬಿಡ್ರಿ ಮಾವಾ", ಹುಲ್ಲು ಕತ್ತರಿಸಲು ಹೋದರೆ "ಅದಕ್ಕ ಮಂದಿ ಬರ್ತಾರ ಅಪ್ಪಾ". ಎರಡು ವರ್ಷ ಹೀಗೆ ಕೂತು ಕೂತು ಮನುಷ್ಯನಿಗೆ ತನ್ನ ಕೈಗಳೇ ಹೊರೆಯಾಗಿದ್ದವು.

ಆ ಕೈಗಳಿಗೆ ಜೀವ ಬಂದದ್ದು 2016ರ ಚಳಿಗಾಲದಲ್ಲಿ, ಹನ್ನೆರಡರ ಮೊಮ್ಮಗಳು ಪೂರ್ಣಿಮಾ ಸ್ಕೀ ಪಂದ್ಯಗಳಿಗೆ ಸೇರಿದಾಗ. ಸ್ಕೀ ಹಲಗೆಯ ಎರಡೂ ಬದಿಗೆ ಉಕ್ಕಿನ ಅಂಚಿರುತ್ತದೆ. ಅದು ಹರಿತವಾಗಿದ್ದರೆ ಮಾತ್ರ ಗಟ್ಟಿ ಹಿಮದ ಮೇಲೆ ಹಿಡಿತ. ಅದಕ್ಕೆಂದೇ ಮಹೇಶ ಒಂದು ಮೋಟಾರಿನ ಸಾಣೆಯಂತ್ರ ತಂದ. ಕೈಯಲ್ಲೇ ಹಿಡಿದು ಅಂಚಿನುದ್ದಕ್ಕೂ ಸರಿಸುವಂಥದ್ದು. ಅವನ ಕೈಯಲ್ಲಿ ಅದು ಗರ್ರೆಂದು ಎಗರುವುದನ್ನು ನೋಡಲಾರದೆ ಸಂಗನಬಸಪ್ಪನವರು ಕಸಿದುಕೊಂಡರು.

"ಒತ್ತಬ್ಯಾಡೋ. ಒಂದ ಕಡೆ ನಿಲ್ಲಿಸಿದ್ರ ಉಕ್ಕು ಸುಟ್ಟು ನೀಲಿ ಆಗತೈತಿ."

ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಗ್ಯಾರೇಜು ಅವರದು. ಸಾಣೆ ಮುಗಿದ ಮೇಲೆ ಹೆಬ್ಬೆರಳಿನ ಉಗುರನ್ನು ಅಂಚಿಗೆ ಎಳೆಯುವರು. ಉಗುರು ಹೆರೆದು ಬಿಳಿ ಪುಡಿ ಎದ್ದರೆ ಕೆಲಸ ಸರಿ. ಪೂರ್ಣಿಮಾ ಬಂದು "ಥ್ಯಾಂಕ್ಸ್ ಅಜ್ಜಾ" ಎನ್ನುವಳು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಅಜ್ಜ ಮೊಮ್ಮಗಳ ನಡುವಿನ ವಾರದ ಮಾತುಕತೆ ಅಷ್ಟೇ, ಅಷ್ಟಕ್ಕೇ ಮುದುಕ ವಾರವಿಡೀ ಕಾಯುತ್ತಿದ್ದರು.

ಜನವರಿಯ ಒಂದು ಪಂದ್ಯದಲ್ಲಿ ಹುಡುಗಿ ಬಿದ್ದಳು. ಮೊಣಕಾಲು ತಿರುಚಿ ಮೂರು ವಾರ ಊರುಗೋಲು. "ಆಟ ಅಂದಮ್ಯಾಲ ಬೀಳೂದ ಅಪ್ಪಾ" ಎಂದ ಮಹೇಶ, ಮುಖ ನೋಡದೆ. ಅವಳು ಮತ್ತೆ ಹೋಗತೊಡಗಿದಾಗ ಬೇರೊಂದು ಜೋಡಿ ತಂದು ಮೇಜಿನ ಮೇಲಿಟ್ಟ.

"ಪಂದ್ಯದ ಜೋಡಿ ಕೋಚ್ ಕಡೆ ಇರತೈತಿ. ಇದು ಪ್ರಾಕ್ಟೀಸ್‌ದು, ಇದನ್ನ ನೀವ ನೋಡ್ಕೋರಿ."

ನೋಡಿಕೊಂಡರು. ದೇವರ ಮನೆಯ ಬೆಳ್ಳಿ ಸಾಮಾನನ್ನೂ ಯಾರೂ ಹಾಗೆ ನೋಡಿಕೊಳ್ಳುವುದಿಲ್ಲ. ಶನಿವಾರ ಬೆಳಿಗ್ಗೆ ಹಲಗೆಗಳು ಕಾರಿನ ಮೇಲೇರುತ್ತಿದ್ದವು, ಭಾನುವಾರ ಗ್ಯಾರೇಜಿಗೆ ಮರಳುತ್ತಿದ್ದವು. ಮಾರ್ಚಿನಲ್ಲಿ ಅವರಿಗೊಂದು ಯೋಚನೆ ಬಂತು: ಹಿಮವು ಎರಡು ದಿನಕ್ಕೆ ಅಂಚನ್ನು ಎಷ್ಟು ಸವೆಸುತ್ತದೆ ಎಂದು ತಿಳಿದರೆ ಸಾಣೆಯನ್ನು ಇನ್ನೂ ಹದವಾಗಿ ಹಿಡಿಯಬಹುದಲ್ಲ? ಟೂಲ್‌ರೂಮಿನ ರೂಢಿಯಂತೆ ಅಂಚಿನುದ್ದಕ್ಕೂ ಮಾರ್ಕರಿನಿಂದ ಕಪ್ಪು ಮಸಿ ಬಳಿದು ಕಳಿಸಿದರು; ಸವೆದಲ್ಲಿ ಮಸಿ ಅಳಿದಿರಬೇಕು.

ಭಾನುವಾರ ನೋಡಿದರೆ ಮಸಿ ಬಳಿದಂತೆಯೇ ಇತ್ತು. ಉಗುರು ಎಳೆದರು, ಶುಕ್ರವಾರದಷ್ಟೇ ಪುಡಿ. ಮುಂದಿನ ಭಾನುವಾರವೂ ಅದೇ.

ಪೂರ್ಣಿಮಾ ಬೂಟು ಇಡಲು ಬಂದಾಗ ಕೇಳಿದರು, "ಇವನ್ನ ನೀ ಹಾಕ್ಕೊಳ್ಳಂಗಿಲ್ಲೇನವಾ?"

ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. "ಡ್ಯಾಡ್ ಹೇಳ್ಬೇಡ ಅಂದಿದ್ದ" ಎಂದಳು, ಅಪರೂಪಕ್ಕೆ ಕನ್ನಡದಲ್ಲೇ. ಆಮೇಲೆ ಇಂಗ್ಲಿಷು, ಕೈಸನ್ನೆ ಎಲ್ಲ ಸೇರಿಸಿ ತಿಳಿಸಿದಳು. ಹಲಗೆಯ ಮೂತಿ ಮೇಲಕ್ಕೆ ಬಾಗುವ ಕಡೆ ಅಂಚನ್ನು ಬೇಕೆಂದೇ ತುಸು ಮೊಂಡು ಮಾಡಬೇಕಂತೆ. ಇಲ್ಲದಿದ್ದರೆ ತಿರುವಿನಲ್ಲಿ ಹಿಮವನ್ನು ಕಚ್ಚಿ ಕಾಲನ್ನೇ ಎಳೆಯುತ್ತದಂತೆ. ಜನವರಿಯಲ್ಲಿ ಬಿದ್ದಾಗಿನ ಜೋಡಿಯನ್ನು ಅಜ್ಜ ಮೂತಿಯಿಂದ ಬಾಲದವರೆಗೆ ಒಂದೇ ಸಮ ಹರಿತ ಮಾಡಿದ್ದರು. ಈಗಿನ ಈ ಪ್ರಾಕ್ಟೀಸ್ ಜೋಡಿ ಹೋದ ವರ್ಷದ್ದು, ಅವಳಿಗೆ ಗಿಡ್ಡವಾಗಿ ಬಿಟ್ಟದ್ದು.

"ಟೂ ಶಾರ್ಪ್, ಅಜ್ಜಾ. ಇಟ್ಸ್ ಓಕೆ."

ಶಾರ್ಪ್ ಎಂಬ ಮಾತಿಗೆ ಅವರಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. "ನನಗ ಹೇಳೀ ಅಂತ ನಿಮ್ಮಪ್ಪಗ ಹೇಳಬ್ಯಾಡವಾ" ಎಂದಷ್ಟೇ ಅಂದು ಸ್ಟೂಲಿನ ಮೇಲೆ ಕೂತರು. ಕೂಸಿನ ಮೊಣಕಾಲು ತಿರುಚುವಂತೆ ಮಾಡಿದ್ದು ತನ್ನ ಕೈ. ಜೋಡಿ ಗಿಡ್ಡ ಎಂಬುದು ಮೊದಲ ನೋಟಕ್ಕೇ ಕಾಣಬೇಕಿತ್ತು. ಕೆಲಸ ಸಿಕ್ಕ ಸಂಭ್ರಮದಲ್ಲಿ ಅಳತೆಯ ಮನುಷ್ಯ ಅಳತೆಯನ್ನೇ ಮರೆತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಟೂಲ್‌ರೂಮಿನಲ್ಲಿ ಕೆಲಸ ಕೆಟ್ಟರೆ ಬೈಯುತ್ತಾರೆ, ಬೈದ ಮೇಲೆ ತಿದ್ದಲು ಕೊಡುತ್ತಾರೆ. ಇಲ್ಲಿ ಕ್ಷಮಿಸಿಬಿಟ್ಟಿದ್ದರು. ಬೇಡದ ಹಲಗೆಯನ್ನು ವಾರವಾರವೂ ಕಾರಿಗೆ ಕಟ್ಟಿ ಬಿಚ್ಚುತ್ತಿದ್ದರು, ಮುದುಕನಿಗೆ ಹೊತ್ತು ಹೋಗಲಿ ಎಂದು.

ಮುಂದಿನ ಶುಕ್ರವಾರ ಸಂಜೆ ಸಂಗನಬಸಪ್ಪನವರು ಯಂತ್ರ ಚಾಲು ಮಾಡಿದರು. ಸಾಣೆಕಲ್ಲನ್ನು ಉಕ್ಕಿಗೆ ತಾಗಿಸಲಿಲ್ಲ. ಗೇಣು ದೂರದಲ್ಲಿ ಎತ್ತಿ ಹಿಡಿದು, ಒಳಗಿನವರಿಗೆ ಸಪ್ಪಳ ಕೇಳಲಿ ಎಂದು, ಎಂದಿನ ಮುಕ್ಕಾಲು ಗಂಟೆ ಹಾಗೇ ನಿಂತರು. ಯಂತ್ರ ಆರಿಸಿದ ಕೂಡಲೇ ಮಹೇಶ ಬಾಗಿಲಿನಿಂದ ಇಣುಕಿದ.

"ಆತೇನ್ರಿ ಅಪ್ಪಾ?"

"ಆತಪಾ" ಎಂದರು. "ಗಾಡಿಗೆ ಕಟ್ಟು."