ದಡದಲ್ಲಿ ಬಿಚ್ಚಿಟ್ಟ ತಾಯಿತ

ಬೆಳಗಿನ ಕಾಫಿಯ ಜೊತೆ ಪತ್ರಿಕೆಯ ವಿಜ್ಞಾನದ ಪುಟ ಓದುವುದು ಈ ನಿವೃತ್ತ ಮೇಷ್ಟರ ಹಳೇ ಚಾಳಿ. ಮೊನ್ನೆ ಅದರಲ್ಲಿ ಮೀನುಗಳ ವಿಷಯವಿತ್ತು. ಆಫ್ರಿಕಾದ ಕದಡಿದ ನದಿಗಳಲ್ಲಿ ಕಣ್ಣು ಕೆಲಸಕ್ಕೆ ಬಾರದು. ಅಲ್ಲಿನ ಕೆಲವು ಮೀನುಗಳು ಮೈಯಿಂದ ಸಣ್ಣ ವಿದ್ಯುತ್ ಮಿಡಿತ ಹೊರಡಿಸಿ ತಮ್ಮವರನ್ನು ಗುರುತಿಸುತ್ತವಂತೆ. ಮಿಡಿತ ಬೇರೆಯಾದರೆ ಜೊತೆಗೂಡುವುದಿಲ್ಲ. ಹೀಗೆ ದೂರವಾಗುತ್ತಾ ಒಂದೇ ಕುಲ ಹಲವು ಜಾತಿಗಳಾಗಿ ಕವಲೊಡೆಯಿತಂತೆ. ನಮ್ಮ ಕಡೆಯ ಮೀಸೆ ಮೀನು ಅಂಥ ಮಿಡಿತ ಕಳಿಸದಿದ್ದರೂ, ನೀರಿನಲ್ಲಿ ಲೋಹವಿದ್ದರೆ ಹುಟ್ಟುವ ಸಣ್ಣ ವಿದ್ಯುತ್ತು ಅದರ ಚರ್ಮಕ್ಕೆ ತಿಳಿಯುತ್ತದೆ ಎಂದೂ ಬರೆದಿತ್ತು. ಆ ಸಾಲನ್ನು ಎರಡು ಸಲ ಓದಿದೆ. ಕಾಫಿ ಆರಿಹೋಯಿತು.

ಅರವತ್ತರ ದಶಕದಲ್ಲಿ ನಾನು ಸಿರಾದ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದೆ. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ, ನನಗೆ ತಿಳಿಯದ ಸಂಗತಿ ಜಗತ್ತಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕೋಟಿನ ಜೇಬಿನಲ್ಲಿ ಎರಡು ಪೆನ್ನು, ಒಂದರಲ್ಲಿ ಇಂಕೇ ಇರುತ್ತಿರಲಿಲ್ಲ. ಇಂಥ ವಿದ್ವಾಂಸ ಒಂದು ದಿನ ಎಂಟನೇ ಕ್ಲಾಸಿನಲ್ಲಿ, ಮನುಷ್ಯನಿಗಿಲ್ಲದ ಇಂದ್ರಿಯ ಮೀನಿಗೆ ಇದೆಯೇ ಎಂದು ಕೇಳಿದೆ. ಇಲ್ಲ ಎನ್ನುವ ಉತ್ತರ ನನ್ನ ಬಾಯಲ್ಲೇ ಸಿದ್ಧವಾಗಿತ್ತು.

ಕೆರೆಯಲ್ಲಿ ಮೀನು ಹಿಡಿಯುವ ಕಾಸಿಂ ಸಾಬರ ಮಗಳು ಮೆಹಬೂಬಿ ಎದ್ದು ನಿಂತಳು. "ಅದೆ ಸಾ. ಕೆಸರಿಗೆ ಕೈ ಹಾಕಿ ಮೀಸೆ ಮೀನು ಹಿಡಿಯೋವಾಗ ನಮ್ಮಬ್ಬಾ ತಾಮ್ರದ ತಾಯ್ತ ಬಿಚ್ಚಿ ದಡದಲ್ಲಿ ಇಟ್ಬುಡ್ತಾರೆ. ಮೈಮ್ಯಾಲೆ ತಾಮ್ರ, ಕಬ್ಣ ಇದ್ರೆ ಕಾಣ್ದಿದ್ರೂ ಅದಕ್ಕೆ ಗೊತ್ತಾಗ್ಬುಡ್ತದೆ."

"ನಿಮ್ಮಪ್ಪನ ತಾಯಿತಕ್ಕೆ ದೆವ್ವ ಹೆದರುತ್ತೋ ಇಲ್ಲವೋ, ಮೀನಂತೂ ಹೆದರುತ್ತೆ ಅನ್ನು!" ಎಂದೆ. ಕ್ಲಾಸು ಗೊಳ್ಳೆಂದು ನಕ್ಕಿತು. ಅಷ್ಟಕ್ಕೆ ಬಿಡಲಿಲ್ಲ. ಬೋರ್ಡಿನ ಮೇಲೆ 'ಮೂಢನಂಬಿಕೆ' ಎಂದು ಬರೆದು, ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಅವಳು ಓದಿದಳು, ಕೂತಳು.

ಮಾರನೆಯ ದಿನ ಕಾಸಿಂ ಸಾಬರು ಶಾಲೆಯ ಬಾಗಿಲಿಗೆ ಬಂದರು. "ನಮ್ಮುಡುಗಿ ಸುಳ್ಳೇಳಿಲ್ಲ ಸ್ವಾಮಿ. ಕೆರೆ ತಾವ ಬನ್ನಿ, ತೋರಿಸ್ತೀನಿ" ಎಂದರು. ನೋಡೋಣ ಎಂದೆ. ಹೋಗಲಿಲ್ಲ. ಮೆಹಬೂಬಿ ಮತ್ತೆಂದೂ ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ. ಮುಂದಿನ ವರ್ಷ ಶಾಲೆಗೇ ಬರಲಿಲ್ಲ. ಹೆಣ್ಣುಮಕ್ಕಳನ್ನು ಬಿಡಿಸುವುದು ಆಗ ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನ ಮೊನ್ನೆಯವರೆಗೂ ಬಾಳಿಕೆ ಬಂತು ನೋಡಿ.

ಸಿರಾದಲ್ಲಿ ಅಂಗಡಿ ಇಟ್ಟಿರುವ ಹಳೇ ಶಿಷ್ಯನೊಬ್ಬನಿಂದ ಅವಳ ಮನೆಯ ಫೋನ್ ನಂಬರು ಪಡೆದೆ. ಈಗ ಅವಳು ಮೊಮ್ಮಕ್ಕಳ ಅಜ್ಜಿ. ಹೆಸರು ಹೇಳಿಕೊಂಡು, ಪತ್ರಿಕೆಯಲ್ಲಿದ್ದುದನ್ನು ಅವಳಿಗೆ ಓದಿ ಹೇಳಿದೆ. "ಅವತ್ತು ನೀನು ಹೇಳಿದ್ದೇ ಸರಿ ಕಣಮ್ಮ, ತಪ್ಪು ನನ್ನದು" ಎಂದೆ.



"ಅದು ನಂಗೆ ಅವತ್ತೇ ಗೊತ್ತಿತ್ತು ಸಾ. ನೀವು ಬತ್ತೀರ ಅಂತ ಅಬ್ಬಾ ಮೂರು ದಿನ ಬಲೆ ಬೀಸ್ದೆ ದಡದಲ್ಲೇ ಕೂತಿದ್ರು."